ಮೂಗು ತಿನ್ನುವಷ್ಟು ಹತ್ತಿರ

ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಿದ್ದ ಮೇಡಂ ಒಂದು ದಿನ ಹೊಸ ನುಡಿಗಟ್ಟು ಹೇಳಿಕೊಟ್ಟರು. ಸದಾ ಕಚ್ಚಾಡುವವರನ್ನು ಕಂಡರೆ ಆ ಭಾಷೆಯವರು ‘ಒಬ್ಬರ ಮೂಗನ್ನೊಬ್ಬರು ತಿನ್ನುತ್ತಾರೆ’ ಎನ್ನುತ್ತಾರಂತೆ. ಎಲ್ಲರೂ ನಕ್ಕರು. ನನಗೆ ನಮ್ಮ ಗಡಿಯಾರದ ಅಂಗಡಿ ನೆನಪಾಯಿತು.

ಅಲ್ಲಿ ಅಪ್ಪ, ಚಿಕ್ಕಪ್ಪ ಒಂದೇ ಮೇಜಿನ ಆಚೆ ಈಚೆ ಕೂತು ರಿಪೇರಿ ಮಾಡುತ್ತಿದ್ದರು. ನಡುವೆ ಒಂದೇ ದೀಪ. ಇಬ್ಬರೂ ಬಗ್ಗಿದರೆ ಹಣೆಗೆ ಹಣೆ ತಾಗುವುದೊಂದು ಬಾಕಿ. ಗೋಡೆಯ ಮೇಲಿನ ಗಡಿಯಾರಗಳು ತಮಗೆ ತೋಚಿದ ಹೊತ್ತಿಗೆ ಗಂಟೆ ಹೊಡೆಯುತ್ತಿದ್ದವು. ಆ ಸದ್ದು, ಆ ಎಣ್ಣೆಯ ವಾಸನೆ ಈಗಲೂ ನನ್ನ ಹತ್ತಿರ ಇದೆ.

ಆ ವರ್ಷ ಜಗಳ ಅತಿಯಾಗಿತ್ತು. ಅಪ್ಪ ಸಣ್ಣ ಗಡಿಯಾರ ಎತ್ತಿಕೊಂಡರೆ ಸಾಕು, ಚಿಕ್ಕಪ್ಪ ಕಿತ್ತುಕೊಳ್ಳುತ್ತಿದ್ದ.

“ಕೊಡಣ್ಣ ಇಲ್ಲಿ! ನಿನ್ನ ಕೈಲಿದ್ರೆ ಇದು ಮುಂದಿನ ವರ್ಷಕ್ಕೆ ಆಗುತ್ತೆ.”

“ಲೋ, ನಿಂಗೆ ಕೆಲಸ ಕಲಿಸಿದೋನು ನಾನು.”

“ಅದಕ್ಕೇ ನಂಗೆ ಇಷ್ಟೇ ಬರೋದು!”

ಗಿರಾಕಿಗಳಿಗೆ ಪುಕ್ಕಟೆ ನಾಟಕ. ಅಪ್ಪನ ಮುಖ ಮಾತ್ರ ದಿನದಿನಕ್ಕೆ ಇಳಿದುಹೋಗುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ನುಡಿಗಟ್ಟಿನ ಸಂಗತಿ ಹೇಳಿದೆ.

“ಅಣ್ಣನ ಮೂಗಾ? ಅಯ್ಯೋ, ಪೂರ್ತಿ ನಶ್ಯ ಕಣೇ, ತಿಂದರೆ ಸೀನೀ ಸೀನೀ ಸಾಯ್ಬೇಕು!” ಎಂದ ಚಿಕ್ಕಪ್ಪ.

ಅಪ್ಪ ನಗಲಿಲ್ಲ. “ನಾಳೆ ಬಡಗಿ ಬರ್ತಾನೆ. ಅಂಗಡಿ ನಡುವೆ ಹಲಗೆ ಗೋಡೆ ಹಾಕಿಸ್ತೀನಿ. ಇನ್ನು ಅವನ ಪಾಡಿಗೆ ಅವನು, ನನ್ನ ಪಾಡಿಗೆ ನಾನು.” ಬಡಿಸುತ್ತಿದ್ದ ಅಮ್ಮನ ಕೈ ಹಾಗೇ ನಿಂತಿತು.

ಮರುದಿನ ನಾನೂ ಅಂಗಡಿಗೆ ಹೋದೆ. ಅಪ್ಪ ಹೆಂಗಸರ ಪುಟ್ಟ ಕೈಗಡಿಯಾರವೊಂದಕ್ಕೆ ಸ್ಕ್ರೂ ಕೂರಿಸುತ್ತಿದ್ದ. ಚಿಮಟದ ತುದಿ ತೂತಿನ ಪಕ್ಕದಲ್ಲೇ ತಡಕಾಡುತ್ತಿತ್ತು. “ಆಯ್ತಾ, ಇಲ್ಲ ಬೆಳಗಾಗ್ಬೇಕಾ?” ಎಂದು ಗದರುತ್ತಲೇ ಚಿಕ್ಕಪ್ಪ ಮೊಣಕೈಯಿಂದ ದೀಪವನ್ನು ಅಪ್ಪನ ಕಡೆಗೆ ಸರಿಸಿದ. ಸ್ವಲ್ಪ ಹೊತ್ತಿಗೆ ಇನ್ನಷ್ಟು ಸರಿಸಿದ. ತಾನು ಕತ್ತಲಲ್ಲಿ ಕೂತ.

ಆಗ ನನಗೆ ಹೊಳೆಯಿತು. ಅಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು. ಅಷ್ಟು ಹತ್ತಿರ ಕೂತವನಿಗಲ್ಲದೆ ಅದು ಇನ್ಯಾರಿಗೆ ಕಾಣಬೇಕು? ಕಣ್ಣು ಮಂಜಾದವನಿಗೆ ರಿಪೇರಿಗೆ ಗಡಿಯಾರ ಯಾರು ಕೊಡುತ್ತಾರೆ? ಅದಕ್ಕೇ ಚಿಕ್ಕಪ್ಪ ಜಗಳಗಂಟ ಅನ್ನಿಸಿಕೊಂಡು ಕಿತ್ತುಕೊಳ್ಳುತ್ತಿದ್ದ.

ಅಷ್ಟರಲ್ಲಿ ಬಡಗಿ ಟೇಪು ಹಿಡಿದು ಬಂದ. “ಗೋಡೆ ಇಲ್ಲಿ ಬರುತ್ತೆ, ಯಜಮಾನ್ರೇ. ದೀಪ ಯಾರ ಕಡೆಗೆ?”

“ಅಣ್ಣನ ಕಡೆಗೇ ಇರ್ಲಿ,” ಎಂದ ಚಿಕ್ಕಪ್ಪ, ತಲೆ ಎತ್ತದೆ.

ಅಪ್ಪ ತಮ್ಮನನ್ನು ನೋಡಿದ. ಕತ್ತಲಲ್ಲಿದ್ದ ಅವನ ಕೈಗಳನ್ನು ನೋಡಿದ. ಸ್ಕ್ರೂ ಕೂರದ ಆ ಗಡಿಯಾರವನ್ನು ಮೇಜಿನ ಮೇಲೆ ಅವನತ್ತ ತಳ್ಳಿದ.

“ಎಷ್ಟು ದಿನದಿಂದ ಗೊತ್ತು ನಿಂಗೆ?”

ಚಿಕ್ಕಪ್ಪ ಸ್ಕ್ರೂ ಕೂರಿಸಿ, ಕೀಲಿ ತಿರುಗಿಸಿ, ಮೇಜಿನ ಮೇಲೆ ಬಗ್ಗಿ ಗಡಿಯಾರವನ್ನು ಅಣ್ಣನ ಕಿವಿಗೆ ಹಿಡಿದ. ಅಪ್ಪ ಕಣ್ಣು ಮುಚ್ಚಿ ಕೇಳಿದ.

“ಕುಂಟ್ತಿದೆ,” ಎಂದ.

“ಕುಂಟ್ತಿದೆಯಾ? ನಾನು ಕೂರಿಸಿದ್ದು ಕುಂಟುತ್ತಾ?”

“ನನ್ನ ಕಿವಿಗೇನೂ ಆಗಿಲ್ಲ ಕಣೋ. ಬಿಚ್ಚು ಮತ್ತೆ!”

ಇಬ್ಬರೂ ಏರುದನಿಯಲ್ಲಿ ಶುರುಮಾಡಿದರು. ಬಡಗಿ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಟೇಪು ಸುತ್ತಿಕೊಂಡು ಹೊರಟ.