ಹಿಂದಕ್ಕೆ ಬೀಸಿದ ದಾರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗಿನ್ನೂ ಗೊತ್ತಾಗಿಲ್ಲ. ಪ್ರಭಂಜನ ಮಾಸ್ತರರು ಕೆರೆಯ ಕಡೆಗೆ ದಾರ ಬೀಸಿದ ಕ್ಷಣದಿಂದ ಎಂದುಕೊಂಡಿದ್ದೆ. ಆದರೆ ಅವರು ಮೀನು ಹಿಡಿಯುವ ಬಗೆಯಲ್ಲಿ ಮುಂದಕ್ಕೆ ಬೀಸುವ ಮೊದಲು ಹಿಂದಕ್ಕೆ ಬೀಸಬೇಕು. ಅನಾಹುತ ಆದದ್ದೂ ಹಿಂದೆಯೇ. (ನೋಡಿ, ಮೊದಲ ಪ್ಯಾರಾದಲ್ಲೇ ಅನಾಹುತ ಎಂದುಬಿಟ್ಟೆ. ಜಾಣ ಕಥೆಗಾರರು ಅದನ್ನು ಮೂರನೆಯ ಪುಟದವರೆಗೆ ಬಚ್ಚಿಡುತ್ತಾರೆ.)

ಹರಿದು ಹಾಕಿದ ಕರಡು: ‘೧೯೭೦ರ ಅಕ್ಟೋಬರಿನ ಆ ಸುಂದರ ಮುಂಜಾನೆ...’ ಸುಂದರ ಏನೂ ಇರಲಿಲ್ಲ. ಮೋಡ ಕವಿದಿತ್ತು, ದೇವಿಕೊಪ್ಪದ ಕೆರೆಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು, ದಂಡೆಯ ಕೆಸರಿನಲ್ಲಿ ಎಮ್ಮೆಗಳ ಗೊರಸಿನ ಗುರುತುಗಳಿದ್ದವು. ಅಷ್ಟೇ.

೨

ಪ್ರಭಂಜನ ಮಾಸ್ತರರು ಊರ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ವಯಸ್ಸು ನಲವತ್ತಾರು. ಮಾಧ್ವರ ಮನೆ, ಮೀನಿನ ವಾಸನೆಯೂ ಒಳಗೆ ಬರುವಂತಿರಲಿಲ್ಲ. ಆದರೂ ಅವರ ಮಲಗುವ ಕೋಣೆಯ ಅಟ್ಟದ ಮೇಲೆ ಬಟ್ಟೆಯ ಚೀಲದಲ್ಲಿ ಮೀನು ಹಿಡಿಯುವ ಕೋಲೊಂದಿತ್ತು. ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ಕೂಡಿಸಿ ಅಂಟಿಸಿದ ಕೋಲು. ಅವರ ತಂದೆ ಕಟ್ಟಿಗೆ ಡಿಪೋದಲ್ಲಿ ಕಾರಕೂನರಾಗಿದ್ದಾಗ ಅಲ್ಲಿದ್ದ ಬಿಳಿಯ ಸಾಹೇಬನೊಬ್ಬ ದೇಶಕ್ಕೆ ಮರಳುವ ಮುನ್ನ ಕೊಟ್ಟುಹೋಗಿದ್ದ. ಜೊತೆಗೆ ಚಿತ್ರಗಳಿದ್ದ ಒಂದು ಪುಸ್ತಕ. ಆ ಚಿತ್ರಗಳೇ ಮಾಸ್ತರರ ಗುರು.

ಸಾಹೇಬರ ಆ ಪದ್ಧತಿಯಲ್ಲಿ ಗಾಳಕ್ಕೆ ಎರೆಹುಳ ಚುಚ್ಚುವುದಿಲ್ಲ. ಸಣ್ಣ ಗಾಳದ ಸುತ್ತ ಹುಂಜದ ಕುತ್ತಿಗೆಯ ಗರಿ, ರೇಷ್ಮೆಯ ಎಳೆ ಸುತ್ತಿ ಒಂದು ನೊಣ ಮಾಡುತ್ತಾರೆ. ಸುಳ್ಳು ನೊಣ. ಅದಕ್ಕೆ ತೂಕವೇ ಇಲ್ಲ, ಹಾಗಾಗಿ ಅದನ್ನು ಎಸೆಯಲು ಬರುವುದಿಲ್ಲ. ಎಸೆಯಬೇಕಾದದ್ದು ದಪ್ಪನೆಯ ದಾರವನ್ನು. ನೊಣ ಅದರ ಬೆನ್ನು ಹತ್ತಿ ಹೋಗುತ್ತದೆ. ಕೋಲನ್ನೆತ್ತಿ ದಾರವನ್ನು ತಲೆಯ ಮೇಲಿಂದ ಹಿಂದಕ್ಕೆ ಬೀಸಬೇಕು. ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡು ನೆಟ್ಟಗಾಗುವವರೆಗೆ ತಡೆಯಬೇಕು. ಆಮೇಲೆ ಮುಂದಕ್ಕೆ. ಅವಸರ ಮಾಡಿದರೆ ದಾರ ಚಾಟಿಯ ಹಾಗೆ ಸಿಡಿಯುತ್ತದೆ, ತಡ ಮಾಡಿದರೆ ಹಿಂದಿನ ಹುಲ್ಲಿಗೆ ಬೀಳುತ್ತದೆ. ಮಣಿಕಟ್ಟು ಬಾಗಬಾರದು, ಮೊಣಕೈ ಮೈ ಬಿಡಬಾರದು. ಅದಕ್ಕೆಂದೇ ಮಾಸ್ತರರು ಶಾಲೆಯ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಅಭ್ಯಾಸ ಮಾಡುತ್ತಿದ್ದರು. ಪುಸ್ತಕ ಬಿದ್ದರೆ ಬೀಸು ತಪ್ಪಿತೆಂದು ಲೆಕ್ಕ.

ಸಿಕ್ಕ ಮೀನನ್ನು ಅವರು ನೀರಿಗೆ ಬಿಡುತ್ತಿದ್ದರು. ಹಿತ್ತಲ ಬಾವಿಯ ಬಳಿ ಮಿಂದು, ಒದ್ದೆ ಪಂಚೆಯಲ್ಲೇ ಮನೆಯೊಳಗೆ ಹೋಗುತ್ತಿದ್ದರು. ಹೆಂಡತಿ ಸೀತಾಬಾಯಿ ಒಣ ಪಂಚೆಯೊಂದನ್ನು ಒಳಗಿನ ಗೂಟಕ್ಕೆ ಮೊದಲೇ ತೂಗುಹಾಕಿರುತ್ತಿದ್ದಳು.

೩

ಬೆನ್ನ ಹಿಂದೆ ದಾರ ನೆಟ್ಟಗಾಯಿತೋ ಇಲ್ಲವೋ ಎಂದು ನೋಡಲು ಮಾಸ್ತರರಿಗೆ ಬೆನ್ನಲ್ಲಿ ಕಣ್ಣಿರಲಿಲ್ಲ. ಆ ಕೆಲಸ ಮಾಬುಸಾಬನದು.

ಮಾಬುಸಾಬ ಆ ಕೆರೆಯಲ್ಲಿ ಬಲೆ ಬೀಸಿ ಬದುಕುವವನು. ಬಲೆ ಅವನ ಹೆಗಲಿನಿಂದ ಹಾರಿ ನೀರ ಮೇಲೆ ದುಂಡಗೆ ಹಾಸಿಕೊಳ್ಳುವುದನ್ನು ಎಮ್ಮೆ ಕಾಯುವವರೂ ನಿಂತು ನೋಡುತ್ತಿದ್ದರು. ಏಳು ವರ್ಷಗಳಿಂದ ಭಾನುವಾರಕ್ಕೊಮ್ಮೆ ಅವನು ಮಾಸ್ತರರ ಹಿಂದೆ, ಸ್ವಲ್ಪ ಎಡಕ್ಕೆ ಕುಕ್ಕರಗಾಲಲ್ಲಿ ಕೂತು, ದಾರ ನೆಟ್ಟಗಾದ ಕ್ಷಣಕ್ಕೆ ‘ಹಾಂ’ ಎನ್ನುತ್ತಿದ್ದ. ಹಾಂ ಎಂದರೆ ಮುಂದಕ್ಕೆ ಬೀಸು ಎಂದು.

“ಹಿಡದ ಮೀನ ಬಿಡಾಕ ಇಷ್ಟ್ಯಾಕ ತ್ರಾಸ ತಗೋತೀರಿ ಮಾಸ್ತರ್ರ?” ಎಂದು ಒಮ್ಮೆ ಕೇಳಿದ್ದ.

“ದಾರ ಮ್ಯಾಲ ಇದ್ದಾಗ ನನಗ ಏನೂ ನೆನಪಾಗೂದಿಲ್ಲ ನೋಡಪಾ.”

“ಹಂಗಾರ ಬರೇ ದಾರ ಬೀಸ್ರಿ. ಗಾಳಾ ಯಾಕ?”

ಮಾಸ್ತರರು ನೊಣದ ಒದ್ದೆ ಗರಿಯನ್ನು ಊದಿ ಒಣಗಿಸತೊಡಗಿದರು. (ನನ್ನ ಬಳಿಯೂ ಉತ್ತರವಿಲ್ಲ. ಗಾಳವಿಲ್ಲದೆ ಬೀಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ, ನನ್ನದೇನೂ ಅಭ್ಯಂತರವಿರಲಿಲ್ಲ.)

ನೊಣಕ್ಕೆ ಬೇಕಾದ ಕೆಂಪು ಗರಿಗಳನ್ನು ಮಾಬುಸಾಬನ ಹೆಂಡತಿ ಜಮಾಲಬಿ ತನ್ನ ಹುಂಜದ ಕುತ್ತಿಗೆಯಿಂದ ಕಿತ್ತು ಕಾಗದದಲ್ಲಿ ಕಟ್ಟಿ ಕಳಿಸುತ್ತಿದ್ದಳು.

೪

ಆ ಭಾನುವಾರ ದಂಡೆಯ ಎಡಕ್ಕೆ, ಜೊಂಡಿನ ಪಕ್ಕದಲ್ಲಿ ದೊಡ್ಡ ಮೀನೊಂದು ಮೇಲೆದ್ದು ನೀರು ಒಡೆಯಿತು. ಅಷ್ಟು ದೊಡ್ಡದನ್ನು ಮಾಸ್ತರರು ಕಂಡಿರಲಿಲ್ಲ. ದಾರ ಹಿಂದಕ್ಕೆ ಹೋಗಿತ್ತು, ಇನ್ನೂ ಬಿಚ್ಚಿಕೊಳ್ಳುತ್ತಿತ್ತು.

(ಇಲ್ಲಿ ಮಾಸ್ತರರು ನನ್ನ ಕೈ ಹಿಡಿಯುತ್ತಾರೆ. “ಇಲ್ಲೇ ನಿಲ್ಲಸ್ರಿ,” ಎನ್ನುತ್ತಾರೆ. “ದಾರ ಇನ್ನೂ ಮ್ಯಾಲ ಅದ.” ನಾಲ್ಕು ಸಲ ನಿಲ್ಲಿಸಿ ನೋಡಿದೆ. ನಾಲ್ಕು ಕರಡುಗಳಲ್ಲಿ ದಾರ ಹಾಗೇ ಗಾಳಿಯಲ್ಲಿದೆ, ಮಾಬುಸಾಬ ಕೂತೇ ಇದ್ದಾನೆ. ಐದನೆಯದನ್ನು ಬರೆಯಲೇಬೇಕು.)

ಮಾಸ್ತರರು ಮಾಬುಸಾಬ ‘ಹಾಂ’ ಎನ್ನುವವರೆಗೆ ಕಾಯಲಿಲ್ಲ. ಮೈಯನ್ನು ಎಡಕ್ಕೆ ತಿರುಗಿಸಿ ಕೋಲನ್ನು ಜಗ್ಗಿದರು. ದಾರ ಸಿಡಿದು, ಬರಬೇಕಾದ ದಾರಿ ಬಿಟ್ಟು ಅಡ್ಡ ಬಂತು. ಏನೋ ತಡೆದಂತಾಯಿತು. ಹುಲ್ಲಿಗೆ ಸಿಕ್ಕಿತೆಂದುಕೊಂಡು ಅವರು ಇನ್ನೊಮ್ಮೆ ಜಗ್ಗಿದರು.

ಎರಡನೆಯ ಸಲ ಜಗ್ಗಿದ್ದನ್ನು ಅವರು ಜೀವಮಾನವಿಡೀ ಯಾರಿಗೂ ಹೇಳಲಿಲ್ಲ. ನಿಮಗೆ ನಾನು ಹೇಳುತ್ತಿದ್ದೇನೆ.

ಮಾಬುಸಾಬ ಕೂಗಲಿಲ್ಲ. ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, “ಮಾಸ್ತರ್ರ, ದಾರ ಸಡ್ಲ ಬಿಡ್ರಿ,” ಎಂದ, ಅಗದಿ ಮೆಲ್ಲಗೆ.

೫

ದಾರ ಕತ್ತರಿಸಿ, ಟವೆಲ್ಲು ಕಟ್ಟಿ, ಕಲಘಟಗಿಗೆ ಎತ್ತಿನ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿಯ ದವಾಖಾನೆಗೆ. ಬಸ್ಸಿನಲ್ಲಿ ಮಾಬುಸಾಬ ಒಂದೇ ಮಾತಾಡಿದ.

“ನನ್ನ ಗಾಳಾ ನನಗ ಹತ್ತೇತಿ ಅಂತ ಹೇಳ್ತೇನ್ರಿ. ನೀವು ಸುಮ್ಮನಿರ್ರಿ. ಪೊಲೀಸ್ರು ಬಂದ್ರ ನಿಮ್ಮ ನೌಕರಿ ಹೋಗ್ತೈತಿ.”

ಮಾಸ್ತರರು ಬೇಡ ಎನ್ನಬೇಕಿತ್ತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಕಂಡಕ್ಟರ್ ಬಂದು ಟಿಕೀಟು ಕೇಳಿದ. ಎರಡು ಟಿಕೀಟು ತೆಗೆದುಕೊಂಡರು, ಹೇಳಬೇಕಾದ ಮಾತು ಹಾಗೇ ಉಳಿಯಿತು.

ಕಣ್ಣು ಉಳಿಯಲಿಲ್ಲ.

ಊರು ನಕ್ಕಿತು. ಬಲೆ ಬೀಸುವುದರಲ್ಲಿ ಸುತ್ತಲ ಹತ್ತು ಹಳ್ಳಿಗೆ ಹೆಸರಾದವನು ಚಿಕ್ಕ ಹುಡುಗನ ಹಾಗೆ ತನ್ನ ಕಣ್ಣಿಗೆ ತಾನೇ ಗಾಳ ಚುಚ್ಚಿಕೊಂಡನಂತೆ. ಚಹಾದಂಗಡಿಯ ಮಾಲೀಕ ಈರಬಸಪ್ಪ ಅದನ್ನು ಕೈ ಆಡಿಸಿ ತೋರಿಸುವಾಗ ಮಾಸ್ತರರು ಅಲ್ಲೇ ಕೂತಿದ್ದರು. ಬಸಿಯಲ್ಲಿದ್ದ ಚಹಾ ಆರುವವರೆಗೆ ಕೂತು, ಕುಡಿಯದೆ ಎದ್ದುಬಂದರು.

ನಿಜವಾದ ಕೇಡು ಆಮೇಲೆ ತಿಳಿಯಿತು. ಒಂದೇ ಕಣ್ಣಿಗೆ ದೂರ ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಮಾಬುಸಾಬನ ಬಲೆ ಮೀನಿರುವ ಕಡೆಗಿಂತ ಒಂದು ಮಾರು ಈಚೆ ಬೀಳುತ್ತಿತ್ತು, ಇಲ್ಲವೆ ಜೊಂಡಿನ ಮೇಲೆ ಬಿದ್ದು ಹರಿಯುತ್ತಿತ್ತು. ಅವನು ದಿನವೂ ಬೀಸಿದ. ಮಾಸ್ತರರು ದಿನವೂ ಶಾಲೆಯ ಕಿಟಕಿಯಿಂದ ನೋಡಿದರು, ಮಕ್ಕಳ ಕಡೆಗೆ ತಿರುಗಿ ಭಾಗಾಕಾರ ಹೇಳಿಕೊಟ್ಟರು.

೬

ಎಂಟು ತಿಂಗಳಾದ ಮೇಲೆ ಜಮಾಲಬಿಯ ಬಾಗಿಲಲ್ಲಿ ಮಾಸ್ತರರು ಚಪ್ಪಲಿ ಬಿಟ್ಟು ನಿಂತರು. ನನ್ನ ಕರಡಿನಲ್ಲಿ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ.

(“ನಾ ಅತ್ತಿಲ್ಲ,” ಎನ್ನುತ್ತಾಳೆ ಜಮಾಲಬಿ ನನಗೆ. “ಬರಿಯೂದಿದ್ರ ಖರೇ ಬರೀರಿ. ನಾ ಅವತ್ತ ಅಕ್ಕಿ ಆರಸಾಕತ್ತಿದ್ನಿ.” ಸರಿ. ಅಕ್ಕಿ ಆರಿಸುತ್ತಿದ್ದಳು.)

“ಜಮಾಲಬಿ, ಒಂದ ಮಾತು ಹೇಳೂದಿತ್ತು,” ಎಂದರು ಮಾಸ್ತರರು. “ಆ ಗಾಳಾ ಮಾಬೂದು ಅಲ್ಲ.”

ಆಕೆ ಮೊರದಿಂದ ಒಂದು ಕಲ್ಲು ತೆಗೆದು ಹೊರಗೆ ಎಸೆದಳು.

“ಮರುದಿನ ನಾ ದವಾಖಾನಿಗೆ ಬಂದಾಗ ಕಂಪೌಂಡರ್ ಅದನ್ನ ಕಾಗದದಾಗ ಸುತ್ತಿ ನನ್ನ ಕೈಯಾಗ ಕೊಟ್ಟನ್ರಿ. ನನ್ನ ಹುಂಜದ ಗರಿ ನನಗ ಗುರ್ತ ಸಿಗೂದಿಲ್ಲೇನು? ನನ್ನ ಗಂಡ ಗಾಳಾ ಮುಟ್ಟಿದಾಂವ ಅಲ್ಲ.”

“ಮತ್ತ ಯಾಕ ಸುಮ್ಮನಿದ್ದಿ?”

“ನೀವು ಹೇಳ್ತೀರೇನು ಅಂತ ನೋಡಾಕತ್ತಿದ್ನಿ. ಮೊದಲನೇ ವಾರ ಬಂದಿದ್ರ ಬೈತಿದ್ನಿ. ರಮಜಾನದಾಗ ಬಂದಿದ್ರ ಮಾಫ್ ಮಾಡ್ತಿದ್ನೋ ಏನೋ. ಈಗ ಎರಡೂ ಬರವಲ್ವು.”

ಮಾಸ್ತರರು ನಿಂತೇ ಇದ್ದರು. ಕೂತುಕೊಳ್ಳಿ ಎಂದು ಆಕೆ ಹೇಳಲಿಲ್ಲ.

೭

ನಾನು ಬರೆದು ಕೈಬಿಟ್ಟ ಮುಕ್ತಾಯಗಳು:

ಮಾಸ್ತರರು ಕೋಲನ್ನು ಮುರಿದು ಒಲೆಗೆ ಹಾಕುತ್ತಾರೆ. (ಒಳ್ಳೆಯ ಬೆಂಕಿ, ಆದರೆ ಅದರಿಂದ ಯಾರಿಗೆ ಏನು?)

ಊರ ಚಾವಡಿಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಾರೆ. ಇದನ್ನು ಅವರು ನಿಜವಾಗಿ ಮಾಡಿದರು, ಜಮಾಲಬಿಯ ಮನೆಗೆ ಹೋಗಿಬಂದ ಮೇಲಿನ ಸೋಮವಾರ. ಮಾಬುಸಾಬನೇ ಎದ್ದು ನಿಂತು, “ಮಾಸ್ತರ್ರು ನನ್ನ ಮ್ಯಾಲ ಕರುಣಾ ಬಂದು ಸುಳ್ಳ ಹೇಳಾಕತ್ತಾರ,” ಎಂದುಬಿಟ್ಟ. ಊರು ಮಾಸ್ತರರನ್ನು ದೊಡ್ಡ ಮನುಷ್ಯ ಎಂದು ಹೊಗಳಿತು. ಇದನ್ನು ಮುಕ್ತಾಯ ಎನ್ನಲು ನನಗೆ ಧೈರ್ಯ ಸಾಲಲಿಲ್ಲ.

೮

ಚಾವಡಿಯ ಮರುದಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ಕೆರೆಗೆ ಹೋದರು. ಮಾಬುಸಾಬ ಮೊಣಕಾಲುದ್ದ ನೀರಿನಲ್ಲಿ, ಬಲೆಯನ್ನು ಹೆಗಲಿಗೇರಿಸಿ ನಿಂತಿದ್ದ.

“ಯಾಕ ಹಂಗ ಅಂದಿ ಮಾಬು?”

“ನಾ ಒಮ್ಮೆ ಸುಳ್ಳ ಹೇಳೇನ್ರಿ. ನಿಮ್ಮದ ಖರೇ ಆದ್ರ ನಂದು ಏನ್ ಉಳೀತೈತಿ?”

ಮಾಸ್ತರರು ಪಂಚೆ ಮೇಲೆ ಕಟ್ಟಿ ನೀರಿಗಿಳಿದರು. “ಬಲಿ ಎಲ್ಲಿ ಒಗೀಬೇಕು ನಾ ಹೇಳ್ತೀನಿ. ದಿನಾ ಬರ್ತೀನಿ. ಹಿಂದ ನಿಂತು ದೂರ ಎಷ್ಟದ ಅಂತ ಹೇಳ್ತೀನಿ.”

ಅವರು ಬೆನ್ನ ಹಿಂದೆ ಬಂದು ನಿಂತದ್ದೇ ತಡ, ಮಾಬುಸಾಬ ಥಟ್ಟನೆ ಹೊರಳಿದ. ಬಲೆಯ ಅಂಚಿನ ಸೀಸದ ಗುಂಡುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಎಂಟು ತಿಂಗಳಲ್ಲಿ ಅವನು ಮಾಸ್ತರರಿಗೆ ಆಡಿದ ಒಂದೇ ಕಠಿಣ ಮಾತೆಂದರೆ ಇದು:

“ನನ್ನ ಹಿಂದ ನಿಂದರಬ್ಯಾಡ್ರಿ.”

ಬಲೆಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಸೇರಿಸಿದ: “ಬಾಜೂಕ ಬರ್ರಿ.”

ಯಾವ ಬಾಜು ಎಂದು ಅವನು ಹೇಳಲಿಲ್ಲ. ಬಲಕ್ಕೆ ನಿಂತರೆ ಅವನಿಗೆ ಮಾಸ್ತರರು ಕಾಣುತ್ತಾರೆ, ಪ್ರತಿ ಸಲ ಬಲೆ ಎತ್ತುವಾಗಲೂ ಕಾಣುತ್ತಾರೆ. ಎಡಕ್ಕೆ ನಿಂತರೆ ಕಾಣುವುದೇ ಇಲ್ಲ, ದನಿ ಮಾತ್ರ. ಯಾವುದು ಅವನಿಗೆ ಕಡಿಮೆ ನೋವು? ನನಗೆ ಗೊತ್ತಿದ್ದರೆ ಮಾಸ್ತರರಿಗೆ ಹೇಳುತ್ತಿದ್ದೆ; ಅವರು ನನ್ನ ಕಡೆಗೇ ನೋಡುತ್ತಿದ್ದಾರೆ. ನೀವೂ ಏನೂ ಹೇಳಬೇಡಿ. ಲೆಕ್ಕ ಕಲಿಸುವವರು, ಈ ಒಂದನ್ನು ಅವರೇ ಬಿಡಿಸಲಿ.

ಬಾಜುವಿಗೆ ಸರಿಯಲು ಮಾಸ್ತರರು ಕೆಸರಿನಿಂದ ಒಂದು ಕಾಲು ಕಿತ್ತರು.