‘ಸುಮ್ನೆ ಬಂದೆ’, ಬೆಲೆ ಸೊನ್ನೆ

“ತೆಗೆದುಬಿಟ್ಟಿದಾರೆ ಅಣ್ಣಾ. ಬುಕಿಂಗ್ ಆಪಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಕಟಿಂಗ್ ಇದೆ, ಶೇವಿಂಗ್ ಇದೆ, ತಲೆಗೆ ಬಣ್ಣ ಇದೆ. ‘ಸುಮ್ನೆ ಬಂದೆ’ ಮಾತ್ರ ಇಲ್ಲ,” ಎಂದ ಟ್ಯಾಕ್ಸಿ ಡ್ರೈವರ್, ಕತ್ತಿನವರೆಗೂ ಹೊದಿಸಿದ್ದ ಬಟ್ಟೆಯೊಳಗಿಂದ ಫೋನು ಹಿಡಿದ ಕೈಯನ್ನು ಹೊರಗೆಳೆದು.

ಬಾಚಣಿಗೆಯಣ್ಣನ ಕತ್ತರಿ ಗಾಳಿಯಲ್ಲೇ ನಿಂತಿತು. ಕಿವಿಯ ಮೇಲೆ ಸದಾ ಒಂದು ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಾನೆಂದು ಬೀದಿಯವರು ಅವನಿಗಿಟ್ಟ ಹೆಸರು ಅದು. “ಸರಿಯಾಗಿ ನೋಡಪ್ಪ. ನಿನ್ನ ಕಣ್ಣು ರಸ್ತೆ ಮೇಲೇ ಇರಲ್ಲ, ಇನ್ನು ಫೋನ್ ಮೇಲೆ ಇರುತ್ತಾ?”

“ನೀನೇ ನೋಡು ಬೇಕಾದ್ರೆ. ಅದರ ಬದಲು ಹೊಸದೇನೋ ಕೊಟ್ಟಿದಾರೆ. ಫೋಟೋ ಹಾಕಿದ್ರೆ ತಲೆ ತುಂಬ ಕೂದಲು ಬರುತ್ತೆ. ನಿನ್ನೆ ನಂದು ಹಾಕಿ ಮನೇಲಿ ತೋರಿಸ್ದೆ. ‘ಯಾರ್ರೀ ಇವರು, ಚೆನ್ನಾಗಿದಾರೆ’ ಅಂದ್ಲು ನಮ್ಮವಳು.”

ಬೇರೆ ದಿನವಾಗಿದ್ದರೆ ಬಾಚಣಿಗೆಯಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಈಗ ಅವನ ಕಣ್ಣು ಖಾಲಿ ಬಿದ್ದಿದ್ದ ಮೂರನೆಯ ಕುರ್ಚಿಯ ಕಡೆ ಹೋಯಿತು. ಅದರಲ್ಲಿ ಕೂರುತ್ತಿದ್ದ ಗಡಿಯಾರ ರಿಪೇರಿಯ ಯಜಮಾನರು ಇಷ್ಟು ದಿನ ಯಾಕೆ ತಲೆ ಹಾಕಿಲ್ಲವೆಂಬುದು ಈಗ ಅರ್ಥವಾಯಿತು.

ಆ ‘ಸುಮ್ನೆ ಬಂದೆ’ ಹುಟ್ಟಿದ್ದೇ ಒಂದು ಎಡವಟ್ಟಿನಿಂದ. ಅಂಗಡಿಯನ್ನು ಆನ್‌ಲೈನ್ ಬುಕಿಂಗಿಗೆ ಸೇರಿಸಿದ ದಿನ, ಏನೇನು ಕೆಲಸ ಮಾಡುತ್ತೀರಿ, ಎಷ್ಟು ಹೊತ್ತು, ಏನು ಬೆಲೆ ಎಂದು ಆಪ್ ಕೇಳುತ್ತಿತ್ತು. ಅಕ್ಷರ ಮೂಡುತ್ತದೋ ಇಲ್ಲವೋ ನೋಡೋಣವೆಂದು ಬಾಚಣಿಗೆಯಣ್ಣ ಬೆರಳೆತ್ತಿದ್ದ. ಅದೇ ಹೊತ್ತಿಗೆ ಎದುರಿನ ಗಡಿಯಾರ ರಿಪೇರಿಯ ಯಜಮಾನರು ತಮ್ಮ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬಂದು ಇವನ ಬಾಗಿಲಲ್ಲಿ ನಿಂತರು. “ಏನಿಲ್ಲ, ಸುಮ್ನೆ ಬಂದೆ” ಎಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. “ಕೆಲಸ ಇಲ್ದೆ ಇನ್ನೊಬ್ಬರ ಅಂಗಡೀಲಿ ಕೂರೋದು ನನ್ನಿಂದಾಗಲ್ಲಪ್ಪ” ಎಂದು ಹೊರಟೇಹೋದರು. ಬಾಚಣಿಗೆಯಣ್ಣನ ಬೆರಳು ಕಿವಿಗೆ ಬಿದ್ದದ್ದನ್ನೇ ಒತ್ತಿತು: ಸುಮ್ನೆ ಬಂದೆ, ಅರ್ಧ ಗಂಟೆ, ಬೆಲೆ ಸೊನ್ನೆ. ಅಳಿಸುವುದು ಹೇಗೆಂದು ತಿಳಿಯಲಿಲ್ಲ. ಉಳಿದುಕೊಂಡಿತು.

ಮುಂದಿನ ವಾರ ಅದಕ್ಕೆ ಒಂದು ಬುಕಿಂಗ್ ಬಂತು! ಹೇಳಿದ ಹೊತ್ತಿಗೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಯಜಮಾನರು ಹಾಜರು. ಗಲ್ಲಾದ ಮುಂದೆ ಫೋನು ಎತ್ತಿ ಹಿಡಿದು ಟಿಕೆಟ್ ತೋರಿಸುವಂತೆ ತೋರಿಸಿದರು. ‘ನಿಮಗಾಗಿ ಕಾಯುತ್ತಿದ್ದೇವೆ’ ಎಂದು ಆಪ್ ಕಳಿಸಿದ ಮೆಸೇಜು. ಮೂರನೆಯ ಕುರ್ಚಿಯ ಪಂಪು ಕೆಟ್ಟಿತ್ತು. ಕೂತವರನ್ನು ಅದು ‘ಉಸ್ಸ್’ ಎನ್ನುತ್ತ ನಿಧಾನಕ್ಕೆ ಕೆಳಗಿಳಿಸುತ್ತಿತ್ತು. “ಕನ್ನಡೀಲಿ ನನ್ನ ಮೂಗು ಮುಳುಗಿದ್ರೆ ಹೊತ್ತಾಯ್ತು ಅಂತ ಲೆಕ್ಕ” ಎನ್ನುತ್ತಿದ್ದರು ಯಜಮಾನರು. ಅವರನ್ನು ನೋಡಿ ಇನ್ನೂ ಕೆಲವರು ಸುಮ್ಮನೆ ಬರತೊಡಗಿದರು. ಅಂಗಡಿಗೆ ಒಂದು ಕಳೆ ಬಂತು.

ಈಗ ಅದಕ್ಕೇ ಕತ್ತರಿ ಬಿದ್ದಿತ್ತು.

ಸಂಜೆ ಬಾಚಣಿಗೆಯಣ್ಣ ಯಜಮಾನರ ಮನೆಗೆ ಹೋದ. ಗೋಡೆಯ ಮೇಲೆ ಅಷ್ಟೂ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು, ಮಾತಿನ ಸದ್ದೊಂದೇ ಇರಲಿಲ್ಲ.

“ಬುಕಿಂಗ್ ಹೋದ್ರೆ ಹೋಗ್ಲಿ ಯಜಮಾನ್ರೇ. ನಿಮ್ಮದೇ ಅಂಗಡಿ ಅಂದ್ಕೊಂಡು ಬನ್ನಿ.”

“ಬೇಡಪ್ಪ. ಗಿರಾಕಿ ನಿಂತಿರುವಾಗ ಸ್ಟೂಲ್ ಹಿಡ್ಕೊಂಡು ಕೂರೋರನ್ನ ನಾನೇ ಎಬ್ಬಿಸಿ ಕಳಿಸ್ತಿದ್ದೆ. ಈಗ ನಾನೇ ಹಾಗೆ ಕೂರ್ಲಾ?” ಯಜಮಾನರು ಕನ್ನಡಕ ತೆಗೆದು ಒರೆಸಿದರು. “ಆ ಮೆಸೇಜು ಬಂದ್ರೆ ಕಾಲು ತಾನಾಗೇ ಚಪ್ಪಲಿ ಹುಡುಕ್ತಿತ್ತು. ಈಗ ಕಾಲೂ ಸುಮ್ಮನಿದೆ, ನಾನೂ ಸುಮ್ಮನಿದೀನಿ.”

ಆ ಮಾತು ಬಾಚಣಿಗೆಯಣ್ಣನ ಎದೆಗೆ ಚುಚ್ಚಿಕೊಂಡಿತು. ಬೆಳಿಗ್ಗೆ ಅಂಗಡಿ ತೆರೆದವನೇ ಬುಕಿಂಗ್ ಕಂಪನಿಗೆ ಫೋನು ಹಚ್ಚಿದ. ಒಂದು ಹುಡುಗಿ ಎತ್ತಿದಳು.

“ಬೆಲೆ ಇಲ್ಲದ ಸೇವೆಗಳನ್ನೆಲ್ಲ ತೆಗೆದಿದೀವಿ ಸರ್. ತಪ್ಪಾಗಿ ಸೇರಿಸಿರ್ತಾರೆ ಅಂತ.”

“ತಪ್ಪಾಗೇ ಸೇರಿಸಿದ್ದು ತಂಗಿ, ನಾನೇನು ಇಲ್ಲ ಅಂದ್ನಾ? ಆದ್ರೆ ನಾನು ಸೇರಿಸಿದ್ದರಲ್ಲಿ ಸರಿಹೋಗಿದ್ದು ಅದೊಂದೇ!”

ಅತ್ತಲಿಂದ ಸಣ್ಣ ನಗು. “ಒಂದಿಷ್ಟು ಬೆಲೆ ಹಾಕಿ ನೋಡಿ ಸರ್.”

ಗಲ್ಲಾದಲ್ಲಿದ್ದ ಹೆಂಡತಿಗೆ ಅದು ಕೇಳಿಸಿತು. “ದುಡ್ಡು ತಗೊಂಡು ಮಾತಾಡೋಕೆ ನೀವೇನು ಲಾಯರಾ?”

“ಹಾಗಾದ್ರೆ ನಿಮ್ಮ ಗಿರಾಕಿಗಳ ಕೈಲಿ ಅಭಿಪ್ರಾಯ ಬರೆಸಿ ಸರ್,” ಎಂದಳು ಹುಡುಗಿ. “ಜನ ಕೇಳ್ತಿದಾರೆ ಅಂದ್ರೆ ಮೇಲಿನವರಿಗೆ ನಾನು ತೋರಿಸ್ಬಹುದು.”

ಅಷ್ಟು ಸಾಕಾಯಿತು. ಅಂದಿನಿಂದ ಕುರ್ಚಿ ಏರಿದವರಿಗೆಲ್ಲ ಅದೇ ಪಾಠ. ಗಂಟಲ ಹತ್ತಿರ ರೇಜರ್ ಇಟ್ಟುಕೊಂಡು “ಬರೀತೀಯ ತಾನೇ?” ಎಂದು ಕೇಳಿದರೆ ಇಲ್ಲವೆನ್ನುವವರು ಯಾರು? ಮುಂದಾಳತ್ವ ಟ್ಯಾಕ್ಸಿ ಡ್ರೈವರನದು. ಆಪಿನಲ್ಲಿ ಸ್ಟಾರ್ ಕೊಡುವ ಜಾಗ ಕಂಡುಹಿಡಿದವನೂ ಅವನೇ. “ಇಲ್ಲಿ ಒಂದೇ ಸ್ಟಾರ್ ಒತ್ತಿ, ಕಂಪನಿಯೋರಿಗೆ ಬಿಸಿ ಮುಟ್ಲಿ!” ಎಂದು ಎಲ್ಲರಿಗೂ ತೋರಿಸಿಕೊಟ್ಟ. ಎಲ್ಲರೂ ಒತ್ತಿದರು.

ಆ ಸ್ಟಾರು ಹೋಗುವುದು ಕಂಪನಿಗಲ್ಲ, ಅಂಗಡಿಗೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ಬಾಚಣಿಗೆಯಣ್ಣನ ಅಂಗಡಿ ಪಟ್ಟಿಯ ತಳ ಕಂಡಿತು. ಹೊಸ ಗಿರಾಕಿಗಳು ಬರುವುದು ನಿಂತಿತು. “ಉಪಕಾರ ಮಾಡೋಕೆ ಹೋಗಿ ಅಂಗಡಿಗೇ ಕ್ಷೌರ ಮಾಡಿಸ್ಕೊಂಡ್ರಲ್ಲ,” ಎಂದು ಹೆಂಡತಿ ತಲೆ ಚಚ್ಚಿಕೊಂಡಳು. ಡ್ರೈವರ್ ಓಡಿಬಂದು ಕೈಮುಗಿದು ನಿಂತ. “ನನಗೆ ಹೇಗೆ ಗೊತ್ತಾಗ್ಬೇಕು ಅಣ್ಣಾ, ಸ್ಟಾರ್ ಕೆಳಗೆ ನಿನ್ನ ಫೋಟೋ ಇತ್ತು, ಅಲಂಕಾರಕ್ಕೆ ಹಾಕಿದಾರೆ ಅಂದ್ಕೊಂಡೆ!”

ಅವನಿಗೆ ಬೈಯಲೆಂದು ಬಾಚಣಿಗೆಯಣ್ಣ ಬಾಯಿ ತೆರೆದಾಗಲೇ ಫೋನು ಬಂತು. ಅದೇ ಹುಡುಗಿ.

“ಸರ್, ನಿಮ್ಮ ಅಂಗಡಿಗೆ ಏನಾಯ್ತು? ಇದ್ದಕ್ಕಿದ್ದ ಹಾಗೆ ಇಷ್ಟು ಜನ ಬೈದಿದಾರೆ ಅಂತ ನಮ್ಮಲ್ಲಿ ಎಲ್ಲರೂ ಗಾಬರಿ. ಓದ್ತೀನಿ ಕೇಳಿ. ‘ಕಟಿಂಗ್ ಬಹಳ ಚೆನ್ನಾಗಿದೆ, ಮನುಷ್ಯ ಚಿನ್ನ, ಸುಮ್ನೆ ಬಂದೆ ವಾಪಸ್ ಕೊಡಿ. ಒಂದು ಸ್ಟಾರ್.’ ‘ಇಂಥ ಅಂಗಡಿ ಎಲ್ಲೂ ಇಲ್ಲ. ಒಂದು ಸ್ಟಾರ್.’” ಮುಂದೆ ಓದಲಾಗದೆ ಅವಳು ನಕ್ಕಳು. ಹಿಂದೆ ಇನ್ನೂ ಯಾರ್ಯಾರೋ ನಗುವುದು ಕೇಳಿಸಿತು. “ನಮ್ಮ ಮೇಲಿನವರೂ ಕೂತು ಓದಿದ್ರು ಸರ್.” ಆಮೇಲೆ ಅವಳ ದನಿ ಮೆತ್ತಗಾಯಿತು. “ಒಬ್ಬರು ಮಾತ್ರ ಐದು ಸ್ಟಾರ್ ಕೊಟ್ಟಿದಾರೆ. ‘ಇವರ ಕೆಲಸದಲ್ಲಿ ದೋಷವಿಲ್ಲ. ನನ್ನ ಸಲುವಾಗಿ ಯಾರೂ ಇವರನ್ನು ಬೈಯಬಾರದೆಂದು ವಿನಂತಿ’ ಅಂತ.”

ಯಾರೆಂದು ಬಾಚಣಿಗೆಯಣ್ಣ ಕೇಳಲಿಲ್ಲ. ಕಿವಿಯ ಮೇಲಿನ ಬಾಚಣಿಗೆ ತೆಗೆದು ಸುಮ್ಮನೆ ಕೈಯಲ್ಲಿ ತಿರುಗಿಸಿದ.

“ಸದ್ಯಕ್ಕೆ ನಿಮ್ಮ ಅಂಗಡಿಗೆ ವಾಪಸ್ ಕೊಡ್ತಿದೀವಿ. ಹೇಗೆ ನಡೆಯುತ್ತೆ ನೋಡಿ, ಬೇಕು ಅಂದ ಅಂಗಡಿಗಳಿಗೆಲ್ಲ ಕೊಡೋ ಯೋಚನೆ ಇದೆ. ಹೆಸರು ಅದೇ ಇಡ್ಲಾ ಸರ್, ಬೇರೆ ಇಡ್ಲಾ?”

“ಅದೇ ಇರ್ಲಿ ತಂಗಿ. ನೀನೂ ಈ ಕಡೆ ಬಂದ್ರೆ ಅದನ್ನೇ ಒತ್ತು.”

ಬೈದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಸ್ಟಾರು ತಿದ್ದಿದರು. ಡ್ರೈವರ್ ಮಾತ್ರ ತಿದ್ದಲು ಹೋಗಿ ಇದ್ದ ಹೊಗಳಿಕೆಯನ್ನೂ ಅಳಿಸಿ, ಒಂಟಿ ಸ್ಟಾರನ್ನು ಹಾಗೇ ಬಿಟ್ಟ. ಬಾಚಣಿಗೆಯಣ್ಣ ಯಜಮಾನರ ಮನೆಗೆ ಹೇಳಿ ಕಳಿಸಲಿಲ್ಲ. ಹೇಳಿ ಕರೆಸಿಕೊಂಡರೆ ಅದು ಸುಮ್ಮನೆ ಬಂದಂತಾಗುವುದಿಲ್ಲವಲ್ಲ. ಮೂರನೆಯ ಕುರ್ಚಿಯನ್ನು ಒರೆಸಿ, ಕೈಯಿಂದ ಎತ್ತಿ ಎತ್ತರಕ್ಕೆ ನಿಲ್ಲಿಸಿ ತನ್ನ ಕೆಲಸಕ್ಕೆ ಹೋದ.

ಫೋನು ಟಿಂಗ್ ಎಂದಾಗ ಅವನ ಎರಡೂ ಕೈ ಸೋಪಿನ ನೊರೆಯಲ್ಲಿದ್ದವು. ಹೆಂಡತಿ ನೋಡಿ, ಫೋನನ್ನು ಅವನ ಮುಖದ ಮುಂದೆ ಹಿಡಿದಳು.

ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಇಸ್ತ್ರಿ ಅಂಗಿಯೊಂದು ಬಾಗಿಲಲ್ಲಿ ಕಾಣಿಸಿತು. ಯಜಮಾನರು ಗಲ್ಲಾದ ಮುಂದೆ ಫೋನು ಎತ್ತಿ ತೋರಿಸಿದರು.

“ಇಷ್ಟು ಕೆಟ್ಟ ಹೆಸರಿರೋ ಅಂಗಡಿಗೆ ಬರೋಕೂ ಧೈರ್ಯ ಬೇಕಪ್ಪ.”

“ನಿಮಗಾಗೇ ಕಾಯ್ತಿದ್ವಿ ಯಜಮಾನ್ರೇ.”

“ಗೊತ್ತು ಗೊತ್ತು, ಮೆಸೇಜು ಬಂತು,” ಎನ್ನುತ್ತ ಅವರು ಮೂರನೆಯ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು.

ಕುರ್ಚಿ ‘ಉಸ್ಸ್’ ಎಂದು, ನಿಧಾನಕ್ಕೆ ಕೆಳಗಿಳಿಯತೊಡಗಿತು.