ಮೂರನೇ ಸಾಲಿನ ಸೀಟು

ತಂಗಿ ತನ್ನ ಇಬ್ಬರು ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟುಹೋದದ್ದು ಎರಡು ವಾರದ ಮಟ್ಟಿಗೆ. ಈಗ ಅದಕ್ಕೆ ಎಂಟು ತಿಂಗಳು.

ದೂರದಲ್ಲೊಂದು ಹೊಸ ಕೆಲಸ, ಅದಕ್ಕೆ ತರಬೇತಿ, ಮುಗಿದ ತಕ್ಷಣ ಬಂದು ಕರೆದುಕೊಂಡು ಹೋಗುತ್ತೇನೆ, ಗಂಡ ಅನ್ನಿಸಿಕೊಂಡವನು ಬಿಟ್ಟುಹೋದ ಮೇಲೆ ನನಗೆ ನೀನಲ್ಲದೆ ಇನ್ಯಾರಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಎರಡು ಬ್ಯಾಗು ಇಳಿಸಿ, ಕೂರದೆಯೇ ಹೊರಟಿದ್ದಳು. ಆಮೇಲೆ ಪ್ರತಿ ಭಾನುವಾರ ಫೋನು. ಪ್ರತಿ ಫೋನಿನಲ್ಲೂ ‘ಮುಂದಿನ ತಿಂಗಳು’.

ಅಕ್ಕನನ್ನು ಬೀದಿಯವರೆಲ್ಲ ಹಲ್ಲಕ್ಕ ಎನ್ನುತ್ತಿದ್ದರು. ಅವಳ ಕೆಲಸ ಲ್ಯಾಬೊಂದರಲ್ಲಿ ಕಟ್ಟಿದ ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚಿಗೆ ಗಾರೆ ಸುರಿದು, ಒಣಗಿಸಿ, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುವಳು. ಊರಿನವರ ಬಾಯಿಗೆಲ್ಲ ಹಲ್ಲು ಜೋಡಿಸುವವಳಿಗೆ ತಂಗಿಯ ಮುಂದೆ ಮಾತ್ರ ಬಾಯಿ ಬರುವುದಿಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ತಮಾಷೆಯೇನೋ ಹೌದು, ಸುಳ್ಳಲ್ಲ. ಲ್ಯಾಬಿನ ಯಜಮಾನರು ಅವಳಿಗೆ ಮುಂಬದಿಯ ಹಲ್ಲಿನ ಮೇಜು ಕೊಡುತ್ತೇನೆಂದು ಹೇಳಿ ಆರು ತಿಂಗಳಾಗಿತ್ತು. ನಗುವಾಗ ಕಾಣುವ ಹಲ್ಲಿಗೆ ಬಣ್ಣ ಹೊಂದಿಸುವ ಕೆಲಸ ಅದು, ಎಲ್ಲರ ಕೈಗೆ ಒಗ್ಗುವುದಲ್ಲ. ಆದರೆ ಸಂಜೆ ಆರರವರೆಗೆ ಕೂರಬೇಕು. ಹಲ್ಲಕ್ಕನಿಗೆ ಮೂರಕ್ಕೆಲ್ಲ ಮಕ್ಕಳನ್ನು ಶಾಲೆಯಿಂದ ಕರೆತರುವುದಿತ್ತು. ‘ತಂಗಿ ಬರಲಿ ಸರ್, ಕೂತ್ಕೋತೀನಿ’ ಎನ್ನುತ್ತಿದ್ದಳು.

ಮನೆಯಲ್ಲಿದ್ದದ್ದು ಒಂದು ಪುಟ್ಟ ಕಾರು. ಮದುವೆಗೆ ಮುಂಚೆ ಅವಳೇ ಕೊಂಡದ್ದು. ಹಿಂದಿನ ಸೀಟಿನಲ್ಲಿ ತಮ್ಮ ಒಂದು ವರ್ಷದ ಕೂಸಿನ ಸೀಟು ಕಟ್ಟಿದರೆ, ಪಕ್ಕದಲ್ಲಿ ತಂಗಿಯ ಮಗ, ನಾಲ್ಕು ವರ್ಷದ ಗುಂಡನ ಸೀಟು. ನಡುವೆ ಉಳಿದ ಗೇಣು ಜಾಗದಲ್ಲಿ ಅವನ ಅಕ್ಕ, ಏಳು ವರ್ಷದವಳು, ಎರಡೂ ಮೊಣಕೈ ಮಡಚಿಕೊಂಡು ಕೂರುತ್ತಿದ್ದಳು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡವಳು ಎಂದು. ನಡುವಿನ ಬೆಲ್ಟಿನ ಕೊಂಡಿ ಎರಡು ಸೀಟುಗಳ ಅಡಿಯಲ್ಲೆಲ್ಲೋ ಹೂತುಹೋಗಿತ್ತು. ‘ನಾಲ್ಕು ದಿನಕ್ಕೆ ಏನಾಗುತ್ತೆ’ ಎಂದುಕೊಂಡೇ ಎಂಟು ತಿಂಗಳು ಕಳೆದಿದ್ದವು.

ಒಂದು ಮಂಗಳವಾರ ನಾಯಿಯೊಂದು ಅಡ್ಡ ಬಂತು. ಹಲ್ಲಕ್ಕ ಬ್ರೇಕು ಒತ್ತಿದಳು. ದೊಡ್ಡವಳು ಮುಂದಕ್ಕೆ ಹಾರಿಬಂದು ಗೇರಿನ ಪಕ್ಕಕ್ಕೆ ಬಿದ್ದಳು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕುತ್ತಿದ್ದ ನರ್ಸು ತಲೆ ಎತ್ತದೆ ಕೇಳಿದಳು: “ಬೆಲ್ಟ್ ಹಾಕಿರ್ಲಿಲ್ವಾ ತಾಯಿ?”

ಅಂದು ಗಂಡ ತಮಾಷೆ ಮಾಡಲಿಲ್ಲ. “ಶನಿವಾರ ಹೋಗಿ ದೊಡ್ಡ ಗಾಡಿ ನೋಡೋಣ” ಎಂದ.

“ಅವಳು ಬರೋ ತಿಂಗಳು ಬಂದ್ರೆ? ಮೂಗಿಗಿಂತ ಮೂಗುತಿ ಭಾರ ಆಗಲ್ವಾ?”

“ಬಂದ್ರೆ ಖಾಲಿ ಸೀಟು ಇರುತ್ತೆ, ಅಷ್ಟೇ. ಬರ್ಲಿಲ್ಲ ಅಂದ್ರೆ ದೊಡ್ಡವಳನ್ನ ಎಲ್ಲಿ ಕೂರಿಸ್ತೀಯ?”

ಅವಳಿಗಿದ್ದದ್ದು ಹೆದರಿಕೆ. ಪುಟ್ಟ ಕಾರು ಇರುವವರೆಗೆ ಮಕ್ಕಳು ಬಂದವರು, ಹೋಗುವವರು. ದೊಡ್ಡ ಗಾಡಿ ಬಂತೆಂದರೆ ಅಲ್ಲಿಗೆ ಮುಗಿಯಿತು, ಬಾಗಿಲಿಗೆ ಒಳಗಿನಿಂದ ತಾನೇ ಚಿಲಕ ಹಾಕಿಕೊಂಡ ಹಾಗೆ. ಆ ಮಕ್ಕಳ ಮೇಲೆ ಅವಳಿಗೆ ಪ್ರೀತಿಯಿಲ್ಲವೆಂದಲ್ಲ. ಆದರೆ ‘ನೀನು ಸಾಕುತ್ತೀಯಾ’ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಕೇಳದೆ ತಲೆಯ ಮೇಲಿಟ್ಟ ಹೊರೆಯನ್ನು ಇಳಿಸಿದರೆ ಕಟುಕಿ, ಹೊತ್ತರೆ ಯಾರ ಲೆಕ್ಕಕ್ಕೂ ಇಲ್ಲ.

ಶನಿವಾರ ಗಾಡಿಯ ಅಂಗಡಿಗೆ ಹೋದಾಗ ಹನ್ನೊಂದು ಗಂಟೆ. ಗಾಜಿನ ಗೋಡೆ, ಜಾರುವ ನೆಲ, ರಬ್ಬರಿನ ವಾಸನೆ. ಟೈ ಕಟ್ಟಿದ ಮಾರಾಟದವನು ಬಲು ಮಾತುಗಾರ.

“ಮೂರು ಮಕ್ಕಳಾ ಮೇಡಂ? ತುಂಬು ಸಂಸಾರ! ನಿಮಗೆ ಏಳು ಸೀಟಿಂದೇ ಸರಿ.”

“ಒಂದು ನಮ್ದು” ಎಂದಳು ಹಲ್ಲಕ್ಕ. ಪಕ್ಕದಲ್ಲೇ ದೊಡ್ಡವಳು ನಿಂತಿದ್ದಾಳೆಂಬುದು ಹೇಳಿದ ಮೇಲೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡಳು.

ಅಳತೆ ನೋಡೋಣವೆಂದು ಮನೆಯಿಂದ ತಂದಿದ್ದ ಕೂಸಿನ ಸೀಟನ್ನೂ ಗುಂಡನ ಸೀಟನ್ನೂ ಗಂಡ ಎರಡನೇ ಸಾಲಿನಲ್ಲಿ ಬಿಗಿದ. ಬಾಗಿಲ ಬಳಿಯ ಇನ್ನೊಂದು ಸೀಟನ್ನು ಮಡಚಿದರೆ ಮೂರನೇ ಸಾಲಿಗೆ ದಾರಿ. “ನೀವೂ ಒಂದ್ಸಲ ಹಿಂದೆ ಕೂತು ನೋಡಿ ಮೇಡಂ, ಅರಮನೆ ಇದ್ದಂಗಿದೆ” ಎಂದ ಮಾರಾಟದವನು. ದೊಡ್ಡವಳು ತೂರಿಕೊಂಡು ಹೋದಳು, ಹಿಂದೆಯೇ ಹಲ್ಲಕ್ಕ ಬಗ್ಗಿಕೊಂಡು ಹೋದಳು. ಅವನು ಮಡಚಿದ ಸೀಟನ್ನು ಹಿಂದಕ್ಕೆ ತಳ್ಳಿದ. ಟಕ್ ಎಂದಿತು.

ಅರಮನೆಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

“ಸಾಕು, ಇಳಿಸಿ” ಎಂದಳು. ಅವನು ಸೀಟಿನ ಹಿಡಿ ಎಳೆದ. ಬರಲಿಲ್ಲ. ಜೋರಾಗಿ ಎಳೆದ. ಹಿಡಿ ಕಿತ್ತು ಕೈಗೆ ಬಂತು. ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. ಗಾಡಿಯ ಹಿಂಭಾಗ ಗೋಡೆಗೆ ಅಂಟಿಕೊಂಡಿತ್ತು, ಡಿಕ್ಕಿ ತೆರೆಯುವ ಹಾಗಿಲ್ಲ. ಮುಂದೆ ಇನ್ನೊಂದು ಗಾಡಿ, ಅದರ ಕೀ ಇಟ್ಟುಕೊಂಡವನು ತಿಂಡಿಗೆ ಹೋಗಿದ್ದ. ಸೀಟಿನ ಮೇಲಿನಿಂದ ನುಸುಳಲು ಹಲ್ಲಕ್ಕನ ಮೈ ಒಪ್ಪಲಿಲ್ಲ. ವರ್ಕ್‌ಶಾಪಿನ ಮೆಕ್ಯಾನಿಕ್ಕನ್ನು ಕರೆಯುತ್ತೇನೆಂದು ಮಾರಾಟದವನು ಓಡಿದ.

ಗಂಡನ ಕಸುಬು ಲಿಫ್ಟ್ ರಿಪೇರಿ. ದಿನ ಬೆಳಗಾದರೆ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದೇ ಕೆಲಸ. ಕೂಸನ್ನು ಸೊಂಟಕ್ಕೇರಿಸಿಕೊಂಡು ಕಿಟಕಿಗೆ ಬಾಯಿಟ್ಟು, ಅದೇ ಕಸುಬಿನ ದನಿಯಲ್ಲಿ “ದಯವಿಟ್ಟು ಶಾಂತವಾಗಿರಿ, ಉಸಿರಾಟಕ್ಕೆ ತೊಂದರೆ ಇಲ್ಲ” ಎಂದ.

“ನಿಮ್ಮ ತಲೆ” ಎಂದಳು ಹಲ್ಲಕ್ಕ. ನಗು ಬರಲಿಲ್ಲ.

“ದೊಡ್ಡವಳೇ, ನೀನು ಸಣ್ಣಗಿದ್ದೀಯ. ಮೇಲಿಂದ ಹತ್ತಿ ಬಂದುಬಿಡು.”

“ನಾನು ದೊಡ್ಡಮ್ಮನ ಜೊತೆ ಇರ್ತೀನಿ” ಎಂದಳು ಹುಡುಗಿ.

ಗುಂಡ ಅಂಗಡಿಯ ಬಲೂನಿನ ಹಿಂದೆ ಓಡಿದ, ಗಂಡ ಅವನ ಹಿಂದೆ ಓಡಿದ. ಗಾಜಿನೊಳಗೆ ಇಬ್ಬರೇ ಉಳಿದರು. ಸೆಕೆಯಾಗುತ್ತಿತ್ತು. ಹಲ್ಲಕ್ಕನಿಗೆ ಕತ್ತಿನ ಸುತ್ತ ಬೆವರಿತು. ಕೈ ಚಾಚಿದರೆ ಸೂರು, ಕಾಲು ಚಾಚಿದರೆ ಸೀಟು. ಇನ್ನು ಹತ್ತು ವರ್ಷ ಹೀಗೆಯೇ ಎಂಬ ಮಾತು ಎಲ್ಲಿಂದಲೋ ತಲೆಗೆ ಬಂದು ಕೂತುಬಿಟ್ಟಿತು.

“ದೊಡ್ಡಮ್ಮ, ಈ ಗಾಡಿ ಬೇಡ” ಎಂದಳು ದೊಡ್ಡವಳು.

“ಯಾಕೆ? ಸಣ್ಣದಾಯ್ತಾ?”

“ಊಹೂಂ. ದೊಡ್ಡದು ತಗೊಂಡ್ರೆ ಅಮ್ಮ ಬರಲ್ಲ. ನಮಗಿಲ್ಲಿ ಜಾಗ ಇದೆಯಲ್ಲ ಅಂತ ಅಲ್ಲೇ ಇದ್ದುಬಿಡ್ತಾಳೆ.” ಹುಬ್ಬಿನ ಪಟ್ಟಿಯನ್ನು ಬೆರಳಿನಿಂದ ಒತ್ತಿಕೊಂಡಳು. “ನಾನು ನಡುವೆ ಕೂತ್ಕೋತೀನಿ. ಗಟ್ಟಿಯಾಗಿ ಹಿಡ್ಕೋತೀನಿ. ಇನ್ನು ಬೀಳಲ್ಲ.”

ಹಲ್ಲಕ್ಕ ಅವಳತ್ತ ತಿರುಗಿದಳು. ತಾನು ಗಂಡನಿಗೂ ಬಿಚ್ಚಿ ಹೇಳದ ಮಾತನ್ನು ಈ ಹುಡುಗಿ ಎಷ್ಟು ದಿನದಿಂದ ಎದೆಯಲ್ಲಿಟ್ಟುಕೊಂಡು, ಮೊಣಕೈ ಮಡಚಿಕೊಂಡು ಕೂತಿದ್ದಳು!

“ನಿಮಗೂ ನಾವು ಹೋಗ್ಬೇಕು ಅಂತ ಇದೆಯಲ್ವಾ?”

ಸುಳ್ಳು ಹೇಳಬಹುದಿತ್ತು. ಹಿರಿಯರು ಇಂಥ ಕಡೆ ಸುಳ್ಳೇ ಹೇಳುತ್ತಾರೆ. “ನಿಮ್ಮಮ್ಮ ಬರಬೇಕು ಅಂತ ಇದೆ” ಎಂದಳು ಹಲ್ಲಕ್ಕ. ತಡೆದು, “ಒಂದೊಂದು ದಿನ ನೀನು ಹೇಳಿದ ಹಾಗೂ ಅನ್ಸುತ್ತೆ” ಎಂದಳು. ಹುಡುಗಿ ಅಳಲಿಲ್ಲ. ಕೊನೆಗೂ ಯಾರೋ ಸರಿಯಾದ ಲೆಕ್ಕ ಹೇಳಿದರೆಂಬಂತೆ ತಲೆಯಾಡಿಸಿದಳು.

“ಅಮ್ಮನ್ನ ಕೇಳ್ತೀರಾ? ನಿಜ ಹೇಳು ಅಂತ?”

“ಕೇಳ್ತೀನಿ.”

“ಏನಂದ್ಲು ಅಂತ ನಂಗೆ ಹೇಳ್ಬೇಕು. ಗುಂಡನಿಗೆ ಬೇಡ.”

“ಹೇಳ್ತೀನಿ.”

ಮೆಕ್ಯಾನಿಕ್ ಬಂದು ಸೀಟಿನ ಬೋಲ್ಟು ಬಿಚ್ಚುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಹಲ್ಲಕ್ಕ ಇಳಿದವಳೇ ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಅಂಗಡಿಯ ಹೊರಗೆ ಹೋಗಿ ಫೋನು ಮಾಡಿದಳು. ಶನಿವಾರ ಬಂದ ಕರೆ ನೋಡಿ ತಂಗಿ ಗಾಬರಿಯಾದಳು.

“ಏನಾಯ್ತಕ್ಕ? ಮಕ್ಕಳು?”

“ಚೆನ್ನಾಗಿದ್ದಾರೆ. ಗಾಡಿ ತಗೊಳ್ಳೋಕೆ ಬಂದಿದೀವಿ. ಐದು ಸೀಟಿಂದು ತಗೊಳ್ಳಲಾ, ಏಳು ಸೀಟಿಂದಾ? ನೀನೇ ಹೇಳು.”

ಆ ಕಡೆಯಿಂದ ಯಾವುದೋ ಯಂತ್ರದ ಸದ್ದು, ಯಾರೋ ತಂಗಿಯನ್ನು ಕೂಗಿದ ಸದ್ದು.

“ಮುಂದಿನ ತಿಂಗಳು ಅನ್ಬೇಡ. ಸೀಟು ಹೇಳು.”

“ಅಕ್ಕ… ಇಲ್ಲಿ ನಾವು ನಾಲ್ಕು ಜನ ಹೆಂಗಸರು ಒಂದು ಕೋಣೇಲಿ ಮಲಗ್ತೀವಿ. ಅವರನ್ನ ಎಲ್ಲಿಗೆ ಕರ್ಕೊಂಡು ಬರ್ಲಿ?” ಕೂಗಿದವರಿಗೆ ‘ಬಂದೆ’ ಎಂದು ಹೇಳಿ, “ಏಳು ಸೀಟಿಂದೇ ತಗೋ ಅಕ್ಕ” ಎಂದಳು. ಹೇಳಿಯಾದ ಮೇಲೆ ಅವಳು ಬಿಟ್ಟ ನಿಟ್ಟುಸಿರು ಹಲ್ಲಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. ಬೈಯಬೇಕೆಂದು ಕೂಡಿಟ್ಟಿದ್ದ ಎಂಟು ತಿಂಗಳ ಮಾತೆಲ್ಲ ಆ ಉಸಿರಿನ ಮುಂದೆ ತಣ್ಣಗಾಯಿತು. “ಊಟ ಆಯ್ತಾ?” ಎಂದಷ್ಟೇ ಕೇಳಿ ಫೋನು ಇಟ್ಟಳು.

ದೊಡ್ಡವಳು ಬಾಗಿಲಲ್ಲೇ ಕಾದಿದ್ದಳು.

“ಏನಂದ್ಲು?”

“ಏಳು ಸೀಟಿಂದು ತಗೊ ಅಂದ್ಲು.”

ಹುಡುಗಿ ಹಿಂದಿರುಗಿ ಸೀದಾ ಗಾಡಿಯ ಬಳಿಗೆ ಹೋಗಿ ಚಕ್ರಕ್ಕೆ ಒದ್ದಳು. ಇನ್ನೊಮ್ಮೆ ಒದ್ದಳು. ಮಾರಾಟದವನು “ಪಾಪು, ಪಾಪು!” ಎನ್ನುತ್ತ ಧಾವಿಸಿದ. ಗಂಡನೂ ಮುಂದಾದ. ಹಲ್ಲಕ್ಕ ಇಬ್ಬರಿಗೂ ಅಡ್ಡ ನಿಂತಳು.

“ಒದೀಲಿ ಬಿಡಿ. ಗಾಡಿ ನಮ್ದೇ” ಎಂದಳು.

ಹಿಡಿ ಕಿತ್ತುಹೋದದ್ದು ಬೇಡ, ಬೇರೆಯದು ಕೊಡಿ ಎಂದು ಗಂಡ ವಾದಕ್ಕೆ ನಿಂತ. ಅವಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ತೋರಿಸಿದಲ್ಲೆಲ್ಲ ಸಹಿ ಹಾಕಿದಳು.

ಸೋಮವಾರ ಲ್ಯಾಬಿನಲ್ಲಿ, ಮುಂಬದಿಯ ಹಲ್ಲಿನ ಮೇಜು ಬೇರೆಯವರಿಗೆ ಕೊಟ್ಟುಬಿಡಿ ಎಂದಳು. ಯಜಮಾನರು ಕನ್ನಡಕ ಹಣೆಗೇರಿಸಿ ನೋಡಿದರು. “ತಂಗಿ ಬರಲಿ ಅಂತಿದ್ದೆಯಲ್ಲ?” ಎಂದರು. “ಬರಲ್ಲ ಸರ್” ಎಂದಳು. ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಗಾರೆಯ ಅಚ್ಚನ್ನು ಎತ್ತಿಕೊಂಡು, ಯಾರದೋ ಕೆಳದವಡೆಯ ಅಂಚು ಉಜ್ಜಲು ಕೂತಳು.

ಗಾಡಿ ಹನ್ನೊಂದು ದಿನಕ್ಕೆ ಬಂತು. ಬೀದಿಯವರು ಬಂದು ಬಾನೆಟ್ಟು ಸವರಿ, ಪಾರ್ಟಿ ಎಲ್ಲಿ ಎಂದು ಕೇಳಿ ಹೋದರು. ಮಾರನೆಯ ಬೆಳಿಗ್ಗೆ ಕೂಸು, ಗುಂಡ ಎರಡನೇ ಸಾಲಿಗೆ ಬಿಗಿದುಕೊಂಡರು. ದೊಡ್ಡವಳು ಅವರನ್ನು ದಾಟಿ ಹಿಂದಕ್ಕೆ ಹೋಗಿ ಮೂಲೆ ಹಿಡಿದು, ಕಿಟಕಿಗೆ ಹಣೆ ಆನಿಸಿದಳು. ಆ ಶನಿವಾರದಿಂದ ಅವಳು ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಬಲು ಸಣ್ಣದಾಗಿ, ಬಲು ದೂರದಲ್ಲಿ ಕಾಣುತ್ತಿತ್ತು.

“ಬೆಲ್ಟ್ ಹಾಕ್ಕೊಂಡ್ಯಾ?” ಹಲ್ಲಕ್ಕ ದನಿಯೆತ್ತಿ ಕೇಳಬೇಕಾಯಿತು.

ಉತ್ತರ ತಡವಾಗಿ ಬಂತು. “ಹೂಂ.”

ಬೀದಿ ಕಿರಿದಾಗಿತ್ತು. ಎರಡು ಬದಿಗೂ ನಿಲ್ಲಿಸಿದ ಗಾಡಿಗಳು. ಹಿಂದಕ್ಕೆ ತಿರುಗಿಸಲು ಜಾಗವಿರಲಿಲ್ಲ. ಹಲ್ಲಕ್ಕ ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು, ಉಸಿರು ಬಿಗಿಹಿಡಿದು, ನಿಧಾನವಾಗಿ ಮುಂದಕ್ಕೆ ಬಿಟ್ಟಳು.